ಕೈ ಎತ್ತಿದ ದಿನ

ನಾನು ಕಾಲೇಜು ಯೂನಿಯನ್ನಿನ ಚುನಾವಣೆಗೆ ನಿಂತದ್ದು ಯಾವ ಆದರ್ಶದ ಬೆನ್ನು ಹತ್ತಿಯೂ ಅಲ್ಲ. ಒಂದು ವಿದ್ಯಾರ್ಥಿ ಸಂಘಟನೆಯವರಿಗೆ ತಮ್ಮ ಪ್ಯಾನೆಲಿನಲ್ಲಿ ಒಬ್ಬ ಕನ್ನಡದ ಹುಡುಗ ಬೇಕಾಗಿತ್ತು. ನಾನು ಕನ್ನಡದವನಾಗಿದ್ದೆ. ಅಷ್ಟೇ. ಇದೆಲ್ಲ ನಡೆದು ಮೂವತ್ತೈದು ವರ್ಷಗಳಿಗೂ ಮಿಕ್ಕಿ ಕಾಲ ಸಂದಿದೆ. ಆ ಕಾಲೇಜಿನ ಹೆಸರನ್ನಾಗಲಿ ಸಂಘಟನೆಯ ಹೆಸರನ್ನಾಗಲಿ ಇಲ್ಲಿ ಹೇಳಲು ಹೋಗುವುದಿಲ್ಲ. ಹೇಳಬೇಕಾಗಿರುವ ತಪ್ಪು ನನ್ನದು. ಅದಕ್ಕೆ ಬೇರೆಯವರ ಹೆಸರಿನ ಅಗತ್ಯವಿಲ್ಲ.

1986ರ ಜೂನ್ ತಿಂಗಳ ಮಳೆಯಲ್ಲಿ ನಾನು ಪ್ರಿ-ಡಿಗ್ರಿಗೆ ಸೇರಿದೆ. ಆ ಪ್ರಿ-ಡಿಗ್ರಿ ಎಂಬುದೇ ಈಗಿಲ್ಲ. 2000ದ ಸುಮಾರಿಗೆ ಅದು ಕಾಲೇಜುಗಳಿಂದ ಕಳಚಿಕೊಂಡು ಹೈಯರ್ ಸೆಕೆಂಡರಿ ಶಾಲೆಗಳ ಪಾಲಾಯಿತು. ಕಣ್ಣೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1996ರಲ್ಲಿ. ನಮ್ಮ ಕಾಲದಲ್ಲಿ ಹಾಲ್ ಟಿಕೆಟಿನಿಂದ ಹಿಡಿದು ಅಂಕಪಟ್ಟಿಯವರೆಗೆ ಎಲ್ಲವೂ ಕಲ್ಲಿಕೋಟೆಯಿಂದ ಬರಬೇಕು. ಬದಿಯಡ್ಕದ ಆಚೆಗಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ನನಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯ ಅಂಗಡಿಯಲ್ಲಿ ಮಲೆಯಾಳ. ಸಪ್ತಭಾಷೆಗಳ ನಾಡು ಎಂದು ಹೇಳಿಕೊಳ್ಳುವ ಈ ಊರಿನಲ್ಲಿ ಇದೇನೂ ವಿಶೇಷವಲ್ಲ. ಆದರೆ ಕಾಲೇಜಿನ ಗೇಟು ದಾಟಿದ ಮೇಲೆ ಒಂದು ವಿಷಯ ತಿಳಿಯಿತು. ಅಂಗಡಿಯಲ್ಲಿ ಅಕ್ಕಿಯ ದರ ಕೇಳುವಷ್ಟು ಮಲೆಯಾಳ ಬೇರೆ, ಸಭೆಯಲ್ಲಿ ಎದ್ದು ನಿಂತು ವಾದಿಸುವ ಮಲೆಯಾಳ ಬೇರೆ. ಮೊದಲನೆಯದು ನನ್ನಲ್ಲಿತ್ತು. ಎರಡನೆಯದು ಇರಲಿಲ್ಲ.

ಕಾಲೇಜಿಗೆ ಹೊರಡುವ ದಿನ ಅಪ್ಪ ಒಂದೇ ಮಾತು ಹೇಳಿದ್ದರು. ಅಪ್ಪನ ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆಗಳ ತುಂಡುಗಳಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದು, ಅದು ಜಾರಿಯಾಗದೆ ಉಳಿದದ್ದು, ಎಲ್ಲವೂ ಅದರಲ್ಲಿತ್ತು. ಕೊನೆಗೆ 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದಾಗ ಆ ತುಂಡನ್ನೂ ಕತ್ತರಿಸಿ ಸೇರಿಸಿದರು. ಸಂತೋಷದಿಂದಲೋ ಬೇಸರದಿಂದಲೋ ನನಗೆ ತಿಳಿಯಲಿಲ್ಲ. ಅವರು ಹೇಳಿದ್ದು ಇಷ್ಟು: "ಅಲ್ಲಿ ಹೋಗಿ ಜಗಳ ಮಾಡಬೇಡ. ಆದರೆ ಬಾಯಿಗೆ ಬೀಗ ಹಾಕಿಕೊಂಡು ಕೂಡ ಬರಬೇಡ." ಇದರಲ್ಲಿ ಮೊದಲರ್ಧವನ್ನು ನಾನು ಚೆನ್ನಾಗಿ ಪಾಲಿಸಿದೆ.

1988ರಲ್ಲಿ ಬಿ.ಎ. ಮೊದಲ ವರ್ಷಕ್ಕೆ ಬಂದಾಗ ಸಂಘಟನೆಯ ಇಬ್ಬರು ಹಿರಿಯರು ನನ್ನನ್ನು ಕ್ಯಾಂಟೀನಿಗೆ ಕರೆದು ಚಹಾ ಮತ್ತು ಪರೋಟ ಕೊಡಿಸಿದರು. ಬಿಲ್ಲು ಬರುವ ಮೊದಲೇ ನಾನು ಜನರಲ್ ಸೆಕ್ರೆಟರಿ ಸ್ಥಾನದ ಅಭ್ಯರ್ಥಿಯಾಗಿದ್ದೆ. ಕೇರಳದ ಕಾಲೇಜು ಯೂನಿಯನ್ನಿನ ವ್ಯವಸ್ಥೆ ತಿಳಿಯದವರಿಗಾಗಿ ಹೇಳುತ್ತೇನೆ. ಚೇರ್‌ಮನ್, ವೈಸ್ ಚೇರ್‌ಮನ್, ಜನರಲ್ ಸೆಕ್ರೆಟರಿ, ಜಾಯಿಂಟ್ ಸೆಕ್ರೆಟರಿ, ಕಲಾ ವಿಭಾಗದ ಕಾರ್ಯದರ್ಶಿ, ಮ್ಯಾಗಝಿನಿಗೆ ವಿದ್ಯಾರ್ಥಿ ಸಂಪಾದಕ, ವಿಶ್ವವಿದ್ಯಾನಿಲಯದ ಯೂನಿಯನ್ನಿಗೆ ಹೋಗಿ ಮತ ಹಾಕುವ ಕೌನ್ಸಿಲರುಗಳು, ತರಗತಿಗಳ ಪ್ರತಿನಿಧಿಗಳು. ಹೊರಗಿನ ದೊಡ್ಡ ರಾಜಕೀಯದ ಒಂದು ಚಿಕ್ಕ ಪ್ರತಿ. ಒಂದು ತಮಾಷೆಯೆಂದರೆ, ಕಾಲೇಜಿನಲ್ಲಿ ಇಷ್ಟೆಲ್ಲ ಮತ ಹಾಕಿದ ನಮ್ಮಲ್ಲಿ ಹೆಚ್ಚಿನವರಿಗೆ ದೇಶದ ಚುನಾವಣೆಯಲ್ಲಿ ಮತದ ಹಕ್ಕು ಇರಲಿಲ್ಲ. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು 1989ರ ಮಾರ್ಚಿನಲ್ಲಿ, ನನ್ನ ಸೆಕ್ರೆಟರಿಗಿರಿ ಮುಗಿಯುತ್ತಾ ಬಂದಾಗ.

ಈಗ ಲಿಂಗ್ಡೋ ಸಮಿತಿಯ ನಿಯಮಗಳಿವೆ. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿದ ಮೇಲೆ ಅಭ್ಯರ್ಥಿಯೊಬ್ಬ ಐದು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದೆಂದಾಯಿತು. ನಮ್ಮ ಖರ್ಚು ನೂರೈವತ್ತನ್ನೂ ದಾಟಿರಲಿಲ್ಲ. ಹಳೆಯ ದಿನಪತ್ರಿಕೆಯ ಮೇಲೆ ನೀಲಿ ಪುಡಿ ಕಲಸಿ ಬರೆದ ಪೋಸ್ಟರುಗಳು, ಮೈದಾ ಹಿಟ್ಟಿನ ಅಂಟು. ಮಳೆ ಬಂದರೆ ಮರುದಿನ ಪುನಃ ಬರೆಯಬೇಕು. ನನಗಿದ್ದ ಬಂಡವಾಳವೆಂದರೆ ನಾಲಗೆ ಮಾತ್ರ. ಊರಿನ ತಾಳಮದ್ದಳೆಗಳಲ್ಲಿ ಹಿರಿಯರ ಪಕ್ಕ ಕುಳಿತು ಚಿಕ್ಕಪುಟ್ಟ ಅರ್ಥ ಹೇಳಿ ಅಭ್ಯಾಸವಿತ್ತು. ಕನ್ನಡದವರು ಹೆಚ್ಚಿರುವ ತರಗತಿಗಳಲ್ಲಿ ಎದುರು ಪಕ್ಷದ ಅಭ್ಯರ್ಥಿಯನ್ನು ಕೌರವನೆಂದೇ ಭಾವಿಸಿ ಸಂಧಾನಕ್ಕೆ ಹೋದ ಕೃಷ್ಣನ ಧಾಟಿಯಲ್ಲಿ ಮಾತಾಡಿದೆ. ಮಲೆಯಾಳದ ತರಗತಿಗಳಿಗೆ ಹೋದಾಗ ನನ್ನ ಜೊತೆಗೆ ಚೇರ್‌ಮನ್ ಅಭ್ಯರ್ಥಿ ಬರುತ್ತಿದ್ದ. ಅವನು ಹೊಸದುರ್ಗದ ಕಡೆಯವನು, ಚಂದ್ರಗಿರಿಯ ಆಚೆಯವನು. ಅವನು ಮಾತಾಡುತ್ತಿದ್ದ, ನಾನು ಪಕ್ಕದಲ್ಲಿ ನಿಂತು ಕೈ ಮುಗಿಯುತ್ತಿದ್ದೆ.

ಕನ್ನಡದ ಮಕ್ಕಳಿಗೆ ನಾನು ಎರಡು ಭರವಸೆ ಕೊಟ್ಟಿದ್ದೆ. ಒಂದು, ಯೂನಿಯನ್ನಿನ ಎಲ್ಲ ಪ್ರಕಟಣೆಗಳೂ ಎರಡು ಭಾಷೆಗಳಲ್ಲಿ ಬರುತ್ತವೆ. ಎರಡು, ಕಾಲೇಜು ಮ್ಯಾಗಝಿನಿನಲ್ಲಿ ಕನ್ನಡದ ಪುಟಗಳು ಒಂದೂ ಕಡಿಮೆಯಾಗುವುದಿಲ್ಲ. ಮತ ಎಣಿಸಿದಾಗ ನಲವತ್ತೊಂದು ಮತಗಳಿಂದ ಗೆದ್ದಿದ್ದೆ. ಕೆಂಪು ಗುಲಾಲು ಬಳಿದುಕೊಂಡು ಪೇಟೆಯಲ್ಲಿ ಮೆರವಣಿಗೆ ಹೋದೆವು. ರಾತ್ರಿ ಕೊನೆಯ ಬಸ್ಸಿನಲ್ಲಿ ಮನೆಗೆ ಬಂದಾಗ ಅಮ್ಮ ಬಾಗಿಲು ತೆರೆದು, "ಯಾರ ಹತ್ತಿರ ಪೆಟ್ಟು ತಿಂದೆ?" ಎಂದು ಕೇಳಿದರು.

ಮೊದಲನೆಯ ಭರವಸೆಯನ್ನು ಪೂರೈಸಿದೆ. ಯೂನಿಯನ್ ಕೋಣೆಯಲ್ಲಿ ಮಲೆಯಾಳದ ಪ್ರಕಟಣೆಯನ್ನು ಚೇರ್‌ಮನ್ ಬರೆಯುತ್ತಿದ್ದ, ಅದರ ಪಕ್ಕದಲ್ಲಿ ಕನ್ನಡದ್ದನ್ನು ನಾನು ಬರೆಯುತ್ತಿದ್ದೆ. ಅವನದರ ತಲೆಯಲ್ಲಿ 'ಅರಿಯಿಪ್ಪ್' ಎಂದಿರುತ್ತಿತ್ತು, ನನ್ನದರಲ್ಲಿ 'ಪ್ರಕಟಣೆ'. ಒಂದು ದಿನ ನಮ್ಮ ಕನ್ನಡದ ಮೇಷ್ಟ್ರು ಆ ಎರಡು ಹಾಳೆಗಳನ್ನು ನೋಡಿ ನಕ್ಕರು. "ನಿನ್ನದೇ ಸಂಸ್ಕೃತ ಮಾರಾಯ, ಅವನದ್ದೇ ಕನ್ನಡ. ತಿಳಿಸು ಎಂಬುದಕ್ಕೆ ಹಳಗನ್ನಡದಲ್ಲಿ ಅರಿಪು ಎಂದಲ್ಲವೇ?" ಎಂದರು. ಅಂದಿನಿಂದ ಚೇರ್‌ಮನ್ ನನ್ನನ್ನು ಕಂಡಾಗಲೆಲ್ಲ "ಎಂತ ಅರಿಪು?" ಎಂದು ಕೇಳುವುದು ಅಭ್ಯಾಸವಾಯಿತು. ಅವನು ಕಲಿತ ಮೊದಲ ಕನ್ನಡ ಅದು. ಪೋಸ್ಟರುಗಳನ್ನು ತಲೆಕೆಳಗಾಗಿ ಅಂಟಿಸಬಾರದೆಂದು ಕನ್ನಡ ಅಕ್ಷರಗಳನ್ನೂ ಒಂದೊಂದಾಗಿ ಗುರುತಿಸತೊಡಗಿದ.

ಬಸ್ಸಿನ ಕನ್ಸೆಷನ್ ವಿಷಯದಲ್ಲೂ ಸ್ವಲ್ಪ ಕೆಲಸ ಮಾಡಿದೆವು. ವಿದ್ಯಾರ್ಥಿಗಳಿಗೆ ರಿಯಾಯಿತಿ ದರ ಇದ್ದುದರಿಂದ ಖಾಸಗಿ ಬಸ್ಸಿನವರಿಗೆ ನಮ್ಮನ್ನು ಕಂಡರೆ ಆಗುತ್ತಿರಲಿಲ್ಲ. ಪೂರ್ತಿ ಹಣ ಕೊಡುವವರೆಲ್ಲ ಹತ್ತಿದ ಮೇಲೆ ನಾವು. ಕೆಲವೊಮ್ಮೆ ನಾವು ಹತ್ತುವ ಮೊದಲೇ ಬೆಲ್ಲು. ಈ ಒಂದು ವಿಷಯದಲ್ಲಿ ಮಾತ್ರ ಭಾಷಾಭೇದ ಇರಲಿಲ್ಲ. ಕನ್ನಡದ ಹುಡುಗಿಯನ್ನೂ ಮಲೆಯಾಳದ ಹುಡುಗನನ್ನೂ ಕಂಡಕ್ಟರ್ ಒಂದೇ ಸಮನಾಗಿ ಕೆಳಗೆ ನಿಲ್ಲಿಸುತ್ತಿದ್ದ, ಬಯ್ಯುವಾಗ ಅವರವರ ಭಾಷೆಯಲ್ಲೇ ಬಯ್ಯುತ್ತಿದ್ದ. ಎರಡು ದಿನ ಸ್ಟ್ಯಾಂಡಿನಲ್ಲಿ ಕುಳಿತೆವು. ಮಾಲಕರು ಮಾತುಕತೆಗೆ ಬಂದರು. ಸಂಜೆಯ ಎರಡು ಬಸ್ಸುಗಳಲ್ಲಿ ವಿದ್ಯಾರ್ಥಿಗಳನ್ನು ಮೊದಲು ಹತ್ತಿಸುವುದೆಂದು ಒಪ್ಪಿಗೆಯಾಯಿತು. ಅಂದು ನನ್ನ ಬಗ್ಗೆ ನನಗೆ ಬಹಳ ಅಭಿಮಾನವೆನಿಸಿತು. ನಾಯಕನೆಂದರೆ ಹೀಗೆ ಎಂದುಕೊಂಡೆ.

ಇನ್ನು ಎರಡನೆಯ ಭರವಸೆ.

ಆಗಿನ ಮುದ್ರಣವೆಂದರೆ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕೆಲಸ. ನಮ್ಮ ಮ್ಯಾಗಝಿನ್ ಅಚ್ಚಾಗುತ್ತಿದ್ದುದು ಕಣ್ಣೂರಿನ ಒಂದು ಮುದ್ರಣಾಲಯದಲ್ಲಿ. ಅವರಲ್ಲಿ ಮಲೆಯಾಳ, ಇಂಗ್ಲಿಷ್ ಮೊಳೆಗಳಿದ್ದವೇ ಹೊರತು ಕನ್ನಡದ ಮೊಳೆಗಳಿರಲಿಲ್ಲ. ಆದುದರಿಂದ ಕನ್ನಡದ ಪುಟಗಳನ್ನು ಪ್ರತ್ಯೇಕವಾಗಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿ, ರೈಲಿನಲ್ಲಿ ಕಣ್ಣೂರಿಗೆ ಕಳುಹಿಸಿ, ಅಲ್ಲಿ ಸೇರಿಸಿ ಹೊಲಿಸಬೇಕು. ಒಂದು ಕನ್ನಡ ಪುಟಕ್ಕೆ ಬೀಳುವ ಖರ್ಚು ಒಂದು ಮಲೆಯಾಳ ಪುಟಕ್ಕಿಂತ ಹೆಚ್ಚು. ಹಿಂದಿನ ವರ್ಷ ಇಪ್ಪತ್ತನಾಲ್ಕು ಕನ್ನಡ ಪುಟಗಳಿದ್ದವು. ಆ ವರ್ಷ ಕಾಗದದ ಬೆಲೆ ಏರಿತ್ತು, ಮ್ಯಾಗಝಿನ್ ಫೀಸು ಏರಿರಲಿಲ್ಲ. ಪುಟಗಳನ್ನು ಎಲ್ಲಾದರೂ ಕಡಿಯಬೇಕಿತ್ತು.

ಸಮಿತಿಯ ಸಭೆಯ ಮುನ್ನಾದಿನ ಸಂಜೆ ಸಂಘಟನೆಯವರು ನನ್ನನ್ನು ಕರೆದರು. ಕನ್ನಡಕ್ಕೆ ಎಂಟು ಪುಟ ಎಂದು ತೀರ್ಮಾನವಾಗಿದೆ ಎಂದರು. "ನಾಳೆ ಅಲ್ಲಿ ಇದನ್ನು ದೊಡ್ಡದು ಮಾಡಬೇಡ. ನಮ್ಮೊಳಗೆ ಒಡಕಿದೆ ಎಂದು ಎದುರಿನವರಿಗೆ ಗೊತ್ತಾಗಬಾರದು." ನಾನು ಯಾಕೆ ಎಂದು ಕೂಡ ಕೇಳಲಿಲ್ಲ. ಮರುದಿನ ಅಧ್ಯಾಪಕರೊಬ್ಬರು ಪ್ರಸ್ತಾಪವನ್ನು ಓದಿದರು. "ಒಪ್ಪಿಗೆ ಇರುವವರು ಕೈ ಎತ್ತಿ" ಎಂದರು. ನನ್ನಲ್ಲಿ ಹೇಳಲು ಮಾತುಗಳಿದ್ದವು. ಅವೆಲ್ಲ ಕನ್ನಡದಲ್ಲಿದ್ದವು. ಅವನ್ನು ಮಲೆಯಾಳಕ್ಕೆ ತಿರುಗಿಸುತ್ತಾ, ಯಾವ ಕ್ರಿಯಾಪದಕ್ಕೆ ಯಾವ ಪ್ರತ್ಯಯ ಎಂದು ಯೋಚಿಸುತ್ತಾ ಇದ್ದಂತೆ ಸುತ್ತಲಿನ ಕೈಗಳು ಮೇಲೆ ಹೋದವು. ನನ್ನ ಕೈಯೂ ಹೋಯಿತು. ಭಾಷೆ ಬಾರದೆ ಸುಮ್ಮನಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ಸುಮ್ಮನಿರುವುದಕ್ಕೆ ಭಾಷೆಯ ತೊಡಕು ಸಾಕು. ಕೈ ಎತ್ತುವುದಕ್ಕೆ ಸಾಲದು. ಕೈ ಎತ್ತಿದ್ದು ಮುಂದಿನ ವರ್ಷ ಚೇರ್‌ಮನ್ ಸ್ಥಾನ ಸಿಗಬಹುದೆಂಬ ಆಸೆಯಿಂದ.

ಎಂಟು ಪುಟಗಳಲ್ಲಿ ಹಿಡಿಸದೆ ಬಿದ್ದುಹೋದವುಗಳಲ್ಲಿ ಬಿ.ಎ. ಎರಡನೆಯ ವರ್ಷದ ಒಬ್ಬ ಹುಡುಗಿಯ ಲೇಖನವಿತ್ತು. ತಾಯಿ ರಾತ್ರಿ ಚಿಮಿಣಿ ದೀಪದ ಮುಂದೆ ಮೊರ ಇಟ್ಟುಕೊಂಡು ಬೀಡಿ ಕಟ್ಟಿ ತನ್ನ ಫೀಸು ಹೊಂದಿಸಿದ ಬಗೆಯನ್ನು ಅವಳು ಬರೆದಿದ್ದಳು. ಎಲೆಯನ್ನು ನೆನೆಸುವುದು, ಅಚ್ಚಿನಳತೆಗೆ ಕತ್ತರಿಸುವುದು, ಬ್ರಾಂಚಿನಲ್ಲಿ ಬೀಡಿಗಳನ್ನು ಆರಿಸಿ ಬಿಸಾಡುವವನ ಮುಖದ ಭಾವ, ಎಲ್ಲ ಅದರಲ್ಲಿತ್ತು. ನಮ್ಮ ಊರಿನ ಅರ್ಧ ಮನೆಗಳ ಕಥೆ ಅದು. ಆದರೆ ಅದುವರೆಗೆ ನಾನು ಅದನ್ನು ಅಚ್ಚಿನಲ್ಲಿ ಕಂಡಿರಲಿಲ್ಲ. ವಿಷಯ ಗೊತ್ತಾದ ದಿನ ಅವಳು ಗ್ರಂಥಾಲಯದ ಮೆಟ್ಟಿಲಿನಲ್ಲಿ ನನ್ನನ್ನು ನಿಲ್ಲಿಸಿದಳು. ಸಿಟ್ಟಿನಿಂದ ಮಾತಾಡಲಿಲ್ಲ. "ಆ ಮೀಟಿಂಗಿನಲ್ಲಿ ನೀವು ಇದ್ದಿರಲ್ಲ?" ಎಂದು ಮಾತ್ರ ಕೇಳಿದಳು. ನಾನು ಹೌದೆಂದೆ. ಅವಳು ಮತ್ತೇನೂ ಹೇಳದೆ ಇಳಿದು ಹೋದಳು.

ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಮೂರನೆಯ ದಿನ ಚೇರ್‌ಮನ್ ನಮ್ಮ ಮನೆಗೇ ಬಂದ. ಬಸ್ಸಿಳಿದು ಎರಡು ಮೈಲು ತೋಟದ ದಾರಿಯಲ್ಲಿ ನಡೆದು, ಸಂಕ ದಾಟುವಾಗ ಒಂದು ಚಪ್ಪಲಿಯನ್ನು ತೋಡಿಗೆ ಕೊಟ್ಟು ಬಂದಿದ್ದ. ಅಮ್ಮ ಕೊಟ್ಟ ಅವಲಕ್ಕಿ ತಿಂದು ಮುಗಿಸಿ ಏನಾಯಿತೆಂದು ಕೇಳಿದ. ಹೇಳಿದೆ. ಅವನು ನನ್ನನ್ನೇ ನೋಡುತ್ತಾ, "ನೀ ಎಂದಾ ಮಿಂಡಾಞ್ಞದ್?" ಎಂದ. ನೀನು ಯಾಕೆ ಮಾತಾಡಲಿಲ್ಲ?

ಆಮೇಲೆ ಅವನು ಹೇಳಿದ ಮಾತು ಅಂದಿನಿಂದ ಇಂದಿನವರೆಗೆ ನನ್ನ ಜೊತೆಗಿದೆ. ಹಿಂದಿನ ದಿನದ ಕರೆಯ ವಿಷಯ ಅವನಿಗೆ ಗೊತ್ತಿರಲಿಲ್ಲವಂತೆ. ನನ್ನ ಕೈ ಮೇಲೆ ಹೋದುದನ್ನು ನೋಡಿ, ಕನ್ನಡದವರಿಗೆ ಎಂಟು ಪುಟ ಸಾಕಂತೆ ಎಂದು ಅವನು ತಿಳಿದನಂತೆ. ಅವನೊಬ್ಬನೇ ಅಲ್ಲ, ಆ ಕೋಣೆಯಲ್ಲಿದ್ದ ಎಲ್ಲರೂ ಹಾಗೆಯೇ ತಿಳಿದರಂತೆ. "ನೀನು ಬೇಡ ಎಂದಿದ್ದರೆ ನಾನೂ ಬೇಡ ಎನ್ನುತ್ತಿದ್ದೆ. ನೀನೇ ಬೇಕು ಎಂದ ಮೇಲೆ ನಾನು ಯಾರು?"

ಅಂದು ನನಗೆ ಅರ್ಥವಾದದ್ದು ಇದು. ಬಹುಸಂಖ್ಯಾತರ ನಡುವೆ ಕುಳಿತ ಒಬ್ಬನ ಮೌನ ಅವನೊಬ್ಬನದಾಗಿ ಉಳಿಯುವುದಿಲ್ಲ. ಅವನ ಹಿಂದೆ ಇರುವವರೆಲ್ಲರ ಒಪ್ಪಿಗೆಯೆಂದು ಅದನ್ನು ಲೆಕ್ಕ ಹಿಡಿಯುತ್ತಾರೆ. ಲೆಕ್ಕ ಹಿಡಿಯುವವರಲ್ಲಿ ಕೆಟ್ಟ ಮನಸ್ಸಿನವರೂ ಇರಬಹುದು, ಒಳ್ಳೆಯ ಮನಸ್ಸಿನವರೂ ಇರಬಹುದು. ಒಳ್ಳೆಯವರಿಗೆ ನಮ್ಮ ನೋವು ತಿಳಿಯಬೇಕಾದರೂ ನಾವು ಬಾಯಿ ತೆರೆಯಬೇಕು. ಮುರುಕು ಮಲೆಯಾಳವಾದರೂ ಸರಿ, ಅರ್ಧ ವಾಕ್ಯವಾದರೂ ಸರಿ.

ಮ್ಯಾಗಝಿನಿನ ನಿರ್ಣಯ ಬದಲಾಗಲಿಲ್ಲ. ಹಸ್ತಪ್ರತಿಗಳು ಆಗಲೇ ಮುದ್ರಣಕ್ಕೆ ಹೋಗಿದ್ದವು. ಚೇರ್‌ಮನ್ ಬೇರೆ ಉಪಾಯ ಹುಡುಕಿದ. ಪೇಟೆಯ ಒಂದು ಪ್ಯಾರಲಲ್ ಕಾಲೇಜಿನಲ್ಲಿ ಸೈಕ್ಲೋಸ್ಟೈಲ್ ಯಂತ್ರವಿತ್ತು. ಒಂದು ಭಾನುವಾರದ ಮಟ್ಟಿಗೆ ಅದನ್ನು ಬೇಡಿಕೊಂಡ. ಹಣಕ್ಕಾಗಿ ನಾವಿಬ್ಬರೂ ಬಕೆಟ್ ಹಿಡಿದು ತರಗತಿ ತರಗತಿಗೆ ಹೋದೆವು. ಈ ಸಲ ಮಲೆಯಾಳದ ತರಗತಿಗಳಲ್ಲಿಯೂ ನಾನೇ ಮಾತಾಡಿದೆ. ಎಷ್ಟು ತಪ್ಪುಗಳಾದವೋ ದೇವರಿಗೇ ಗೊತ್ತು. ನಾನು ಸಿಕ್ಕಿಹಾಕಿಕೊಂಡಲ್ಲೆಲ್ಲ ಹಿಂದಿನ ಬೆಂಚಿನವರು ಪದಗಳನ್ನು ಎತ್ತಿಕೊಟ್ಟರು, ನಕ್ಕರು, ನಾಣ್ಯಗಳನ್ನೂ ಹಾಕಿದರು. ಸಂಘಟನೆಯವರು ನನ್ನನ್ನು ಮತ್ತೆ ಕರೆದರು. ಈ ಬಾರಿ ಚಹಾ ಇರಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ.

ಮೇಣದ ಸ್ಟೆನ್ಸಿಲ್ ಹಾಳೆಗಳ ಮೇಲೆ ಲೋಹದ ಕಡ್ಡಿಯಿಂದ ಹದಿನಾರು ಪುಟಗಳನ್ನು ನಾನೇ ಬರೆದೆ. ನಮ್ಮ ಅಕ್ಷರಗಳೆಲ್ಲ ದುಂಡಗೆ ತಿರುಗುವಂಥವು. ಸ್ವಲ್ಪ ಒತ್ತಿದರೆ ಒಳಗಿನ ಸುತ್ತು ಹರಿದು ಉದುರಿಹೋಗುತ್ತದೆ. 'ಠ' ಬರೆಯುವಾಗ ಕೈ ನಡುಗುತ್ತಿತ್ತು. ಬೀಡಿಯ ಲೇಖನ ಐದು ಪುಟವಾಯಿತು. ಭಾನುವಾರ ಬೆಳಗ್ಗಿನಿಂದ ಸಂಜೆಯವರೆಗೆ ಚೇರ್‌ಮನ್ ಯಂತ್ರದ ಹಿಡಿಕೆ ತಿರುಗಿಸಿದ, ನಾನು ಹಾಳೆ ಎತ್ತಿದೆ, ಆ ಹುಡುಗಿ ಮತ್ತು ಅವಳ ಇಬ್ಬರು ಗೆಳತಿಯರು ಸೂಜಿ ದಾರದಿಂದ ಹೊಲಿದರು. ಮುನ್ನೂರು ಪ್ರತಿ. ಅರ್ಧದಷ್ಟರಲ್ಲಿ ಮಸಿ ಹರಡಿತ್ತು. ಮ್ಯಾಗಝಿನ್ ಬಂದಾಗ ಅದನ್ನು ಒಳಗಿಟ್ಟು ಹಂಚಿದೆವು. ಎಂಟು ಮತ್ತು ಹದಿನಾರು, ಇಪ್ಪತ್ತನಾಲ್ಕು. ಭರವಸೆ ಪೂರ್ತಿಯಾಯಿತು ಎಂದು ಚೇರ್‌ಮನ್ ಹೇಳಿದ. ನಾನು ಹಾಗೆ ಹೇಳಲಾರೆ. ಹೊಲಿಗೆಯೊಳಗಿನ ಪುಟ ಬೇರೆ, ನಡುವೆ ಇಟ್ಟ ಹಾಳೆ ಬೇರೆ. ಮ್ಯಾಗಝಿನನ್ನು ಎತ್ತಿದ ಕೂಡಲೇ ಅದು ಜಾರಿ ಬೀಳುತ್ತಿತ್ತು.

ಕೆಲವು ವರ್ಷಗಳ ಹಿಂದೆ ಹಳೆ ವಿದ್ಯಾರ್ಥಿಗಳ ಕೂಟಕ್ಕೆಂದು ಹೋದಾಗ ಗ್ರಂಥಾಲಯದಲ್ಲಿ ಆ ವರ್ಷದ ಮ್ಯಾಗಝಿನನ್ನು ಕೇಳಿ ತೆಗೆಸಿದೆ. ಗಟ್ಟಿ ರಟ್ಟು ಹಾಕಿದ ಸಂಪುಟ. ಕನ್ನಡದ ಪುಟಗಳು ಎಂಟು. ಒಳಗಿಟ್ಟ ಹಾಳೆಗಳು ಇರಲಿಲ್ಲ. ನಾನು ಕೈ ಎತ್ತಿದ್ದು ಮಾತ್ರ ಅಲ್ಲಿ ಉಳಿದಿತ್ತು, ಆಮೇಲೆ ಮಾಡಿದ್ದು ಉಳಿದಿರಲಿಲ್ಲ.

ಆ ಹುಡುಗಿ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆಯಾಗಿ ನಿವೃತ್ತರಾಗಿದ್ದಾರೆ. ಫೋನು ಮಾಡಿ ಕೇಳಿದೆ. ಅವರಲ್ಲಿ ಒಂದು ಪ್ರತಿ ಇತ್ತು. ತಾಯಿ ತೀರಿಕೊಳ್ಳುವವರೆಗೆ ಅವರ ಪೆಟ್ಟಿಗೆಯಲ್ಲಿ ಇತ್ತಂತೆ. "ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ನಿಮ್ಮ ಅಕ್ಷರ ಚಂದ ಇದೆ ಎನ್ನುತ್ತಿದ್ದರು" ಎಂದರು. ಅದರ ನಕಲನ್ನು ಗ್ರಂಥಾಲಯಕ್ಕೆ ಒಯ್ದು ಕೊಟ್ಟೆ. ಗ್ರಂಥಪಾಲಕರು ಮಲೆಯಾಳದ ಒಬ್ಬ ತರುಣ. ವಿಷಯ ಕೇಳಿ ತಿಳಿದು, ಸಂಪುಟದ ಹಿಂದಿನ ರಟ್ಟಿನ ಒಳಬದಿಗೆ ಒಂದು ಲಕೋಟೆ ಅಂಟಿಸಿ, ಅದರೊಳಗೆ ಇಟ್ಟು, ಮೇಲೆ ಏನು ಬರೆಯಬೇಕೆಂದು ಕೇಳಿದರು. 'ಕನ್ನಡ, ಪುಟ 9ರಿಂದ 24' ಎಂದು ಬರೆಯಲು ಹೇಳಿದೆ.

ಈಗ ಮೊಳೆಗಳ ತೊಂದರೆಯಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡು ಲಿಪಿಗಳೂ ಬರುತ್ತವೆ. ನೀವು ಕೈಯಲ್ಲಿ ಹಿಡಿದಿರುವ ಈ ಸಂಚಿಕೆಯೇ ಅದಕ್ಕೆ ಸಾಕ್ಷಿ. ಕನ್ನಡದ ಪುಟಗಳು ದುಬಾರಿ ಎಂದು ಹೇಳುವಂತಿಲ್ಲ. ಆದರೆ ಸಭೆಗಳು ಇನ್ನೂ ನಡೆಯುತ್ತಲೇ ಇವೆ. ಶಾಲೆಯ ರಕ್ಷಕ ಶಿಕ್ಷಕ ಸಂಘ, ಪಂಚಾಯತಿನ ಗ್ರಾಮಸಭೆ, ಸಹಕಾರಿ ಬ್ಯಾಂಕಿನ ಮಹಾಸಭೆ, ನಮ್ಮ ಮಕ್ಕಳು ಹೋಗುವ ಕಾಲೇಜಿನ ಯೂನಿಯನ್. 2017ರಲ್ಲಿ ಕೇರಳದಲ್ಲಿ ಮಲೆಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ನಮ್ಮವರು ಬೀದಿಗಿಳಿದು ಮಾತಾಡಿದರು. ಬೀದಿಯಲ್ಲಿ ಸಾವಿರ ಜನರ ಜೊತೆ ಕೂಗುವುದು ಕಷ್ಟವಲ್ಲ. ಹತ್ತು ಜನರ ಕೋಣೆಯಲ್ಲಿ ಒಬ್ಬನೇ ಎದ್ದು ನಿಂತು, ತಪ್ಪು ಭಾಷೆಯಲ್ಲಿ, ಒಪ್ಪಿಗೆ ಇಲ್ಲ ಎನ್ನುವುದು ಕಷ್ಟ.

ಕಳೆದ ವರ್ಷ ನೆರೆಮನೆಯ ಹುಡುಗನೊಬ್ಬ ಕಾಲೇಜು ಚುನಾವಣೆಗೆ ನಿಲ್ಲುತ್ತೇನೆಂದು ಬಂದು ಹೇಳಿದ. ಅವನ ಅಪ್ಪನಿಗೆ ಸಮಾಧಾನವಿರಲಿಲ್ಲ. ನಾಲ್ಕು ಬುದ್ಧಿಮಾತು ಹೇಳಿ ಎಂದು ನನ್ನಲ್ಲಿಗೆ ಕಳುಹಿಸಿದ್ದರು. ನಿಲ್ಲು ಎಂದೆ. ಗೆದ್ದರೆ, ಕೈ ಎತ್ತುವ ಮೊದಲು ಒಮ್ಮೆ ಕೇಳಿ ನೋಡು, "ಇದು ಯಾಕೆ ಹೀಗೆ?" ಎಂದು. ಮಲೆಯಾಳದಲ್ಲಿ ಅದಕ್ಕೆ ಎರಡೇ ಪದ ಸಾಕು ಎಂದೆ. ಅವನಿಗೆ ಆ ಎರಡು ಪದಗಳು ಗೊತ್ತಿದ್ದವು.